ಗೋಡುಮಣ್ಣಿನ ಕೈ

ಮುಟ್ಟಬೇಡ ಎನ್ನುವ ಮಾತು ಈ ನೆಲಕ್ಕೆ ಹೊಸದೇನಲ್ಲ. ಕೆರೆ ಮುಟ್ಟಬೇಡ, ಬಾವಿ ಮುಟ್ಟಬೇಡ, ದೇವರನ್ನು ಮುಟ್ಟಬೇಡ ಎಂದು ತಲೆತಲಾಂತರದಿಂದ ಹೇಳಿ ಪಳಗಿದ ನಾಲಗೆಗಳಿಗೆ, ಮೀನು ಮುಟ್ಟಬೇಡ ಎಂದು ಕಾಯ್ದೆ ಬರೆಯುವುದು ಎಷ್ಟು ಹೊತ್ತಿನ ಕೆಲಸ? ಹೊಸದೆಂದರೆ ಒಂದೇ. ಈ ಸಲ ಆ ಮಾತನ್ನು ಕಲ್ಲಿನ ಮೇಲೆ ಕೆತ್ತುವ ಬದಲು ಮೀನಿನ ಮೈಯೊಳಗೇ ಹೂತರು.

ಅಕ್ಕಿಕಾಳಿನಷ್ಟು ದಪ್ಪದ ಒಂದು ಬೀಜ. ಕಾವೇರಿಯ ಬಂಡೆಗಾಡಿನಲ್ಲಿ ಅಳಿದುಳಿದ ಬಿಳಿಮೀನುಗಳ ಬೆನ್ನಿನ ಡುಬ್ಬದಡಿಯಲ್ಲಿ ಒಂದೊಂದು ಬೀಜ ಇಟ್ಟಿದ್ದರು. ಮನುಷ್ಯರ ಹಿಡಿತದ ಒತ್ತಡ ಬಿದ್ದರೆ ಬೀಜ ಎಚ್ಚರಗೊಳ್ಳುತ್ತಿತ್ತು. ಅದು ಕರೆದ ಕೂಡಲೇ ನೀರಿನಡಿಯ ಬಂಡೆಗಳಿಗೆ ಕಚ್ಚಿಸಿದ್ದ ಗಾಜಿನ ಕಣ್ಣುಗಳು ಆ ಕಡೆ ಹೊರಳುತ್ತಿದ್ದವು. ನೀರಿನಡಿಯಿಂದ ಮುಖ ಕಾಣುವುದಿಲ್ಲ, ಕಾಣಬೇಕಾಗಿಯೂ ಇರಲಿಲ್ಲ. ಹೊಳೆದಂಡೆಯಲ್ಲಿ ಬದುಕುವ ಪ್ರತಿಯೊಬ್ಬರ ಅಂಗೈಯ ನರಗಳ ನಕ್ಷೆಯನ್ನು ಸರ್ಕಾರ ಮೊದಲೇ ತೆಗೆದಿಟ್ಟುಕೊಂಡಿತ್ತು. ಕೈ ಕಂಡರೆ ಸಾಕು, ಯಂತ್ರ ಹೆಸರು ಹೇಳುತ್ತಿತ್ತು.

ಹೆಸರು ಹೇಳಿದ ಮೇಲೆ ಒಂದು ಪರದೆಯ ಮೇಲೆ ಪ್ರಶ್ನೆ ಮೂಡುತ್ತಿತ್ತು: ಖಚಿತವೇ? ಅದಕ್ಕೆ 'ಹೌದು' ಒತ್ತುವುದು ಸಿಂಚನಾಳ ಉದ್ಯೋಗ.

ನದಿ ನಿಗಾ ಕೇಂದ್ರದ ಆ ಕುರ್ಚಿಗೂ ಒಂದು ಕಥೆಯಿತ್ತು. ಯಂತ್ರವೊಂದೇ ಮನುಷ್ಯರನ್ನು ಶಿಕ್ಷಿಸಬಾರದು, ನಡುವೆ ಒಬ್ಬ ಮನುಷ್ಯ ಇರಬೇಕು ಎಂದು ಹಿಂದೆ ಯಾರೋ ಬೀದಿಗಿಳಿದು ಹೊಡೆದಾಡಿದ್ದರು. ಗೆದ್ದಿದ್ದರು ಕೂಡ. ಆಮೇಲೆ, ಆ ಮನುಷ್ಯ ಕೊಟ್ಟ ಉತ್ತರವೇ ಕೊನೆಯದು, ಅದರ ಮೇಲೆ ಯಾವ ಕೋರ್ಟಿಗೂ ಹೋಗುವಂತಿಲ್ಲ ಎಂದು ಇನ್ನೊಂದು ಸಾಲನ್ನು ತಣ್ಣಗೆ ಸೇರಿಸಿ ಆ ಗೆಲುವಿನ ಬೆನ್ನು ಮುರಿದರು. ಸರ್ಕಾರದ ಸಂಬಳಕ್ಕೆ ಆ ಕುರ್ಚಿಯಲ್ಲಿ ಕೂತವರು ಹೌದು ಎನ್ನದೆ ಬೇರೇನು ಅಂದಾರು? ಸಿಂಚನಾ ಕೂಡ ಎಲ್ಲದಕ್ಕೂ ಹೌದು ಎಂದಳು. ಬಟ್ಟೆ ಒಗೆಯುವಾಗ ಸೀರೆಯ ಸೆರಗಿಗೆ ಸಿಕ್ಕಿಕೊಂಡ ಮರಿಮೀನನ್ನು ಬಿಡಿಸಿ ನೀರಿಗೆ ಬಿಟ್ಟ ಗೌರಕ್ಕನ ಕೈ ಪರದೆಯಲ್ಲಿ ಕಂಡಾಗಲೂ ಹೌದು ಎಂದಿದ್ದಳು. ಆ ದಿನದಿಂದ ಗೌರಕ್ಕ ಹೊಳೆಗೆ ಇಳಿಯುವಂತಿಲ್ಲ. ಸೊಸೆ ತಂದುಕೊಟ್ಟ ಬಿಂದಿಗೆ ನೀರಿನಲ್ಲಿ ಬದುಕು ಕಳೆಯುತ್ತಿದ್ದಳು.

ಗೌರಕ್ಕ ಸಿಂಚನಾಳ ಊರಿನವಳೇ. ಹೊಳೆಯ ತಿರುವಿನಲ್ಲಿ, ಬಂಡೆಗಳ ಸಂದಿಯಲ್ಲಿ ಕೂತಿದ್ದ ಆ ಬೆಸ್ತರ ಕೇರಿಯ ಹೆಸರು ತೆಪ್ಪದಕೊಪ್ಪಲು. ನಿಗಾ ಕೇಂದ್ರದ ಕೆಲಸಕ್ಕೆ ಸೇರುವವರು ದಂಡೆಯ ನಿವಾಸಿಗಳಾಗಿರಬಾರದು ಎಂದು ನಿಯಮವಿದ್ದುದರಿಂದ ಸಿಂಚನಾ ಕೊಪ್ಪಲಿನ ಪಟ್ಟಿಯಿಂದ ತನ್ನ ಹೆಸರು ತೆಗೆಸಿಕೊಂಡಿದ್ದಳು. ಅವಳ ನರಗಳ ನಕ್ಷೆ ಬೇರೆ ಕಡತಕ್ಕೆ ಹೋಯಿತು, ವಾಸ ಕೇಂದ್ರದ ವಸತಿಗೃಹಕ್ಕೆ ಹೋಯಿತು. ಅವ್ವ ಮಾತ್ರ ಕೊಪ್ಪಲಲ್ಲೇ ಉಳಿದಳು.

*

ರಜೆಯ ದಿನ ಸಿಂಚನಾ ಮನೆಗೆ ಹೋದಾಗ ಅವ್ವ ಸವಿತಮ್ಮ ಹಿತ್ತಲಿನಲ್ಲಿ ಕೂತು ಜಿಲೇಬಿ ಮೀನು ಉಜ್ಜುತ್ತಿದ್ದಳು. ಹಿಡಿಯಲು ಅನುಮತಿ ಇದ್ದದ್ದು ಅದೊಂದಕ್ಕೇ. ಕೈ ಜಾರದಿರಲೆಂದು ಒಲೆಯ ಬೂದಿಯನ್ನು ಅಂಗೈಗೆ ಬಳಿದುಕೊಂಡಿದ್ದಳು.

"ಬಂದ್ಯಾ ನೆಂಟ್ರಮ್ಮ? ಕುಂತ್ಕೊ. ಕಾಲ್ಗೆ ನೀರ್ ಕೊಡ್ಲಾ?"

"ಅವ್ವ, ಸುಮ್ನಿರು."

"ಯಾಕ್ ಸುಮ್ನಿರ್ಲಿ? ನೀನೀಗ ಈ ಕೊಪ್ಪಲೋಳಲ್ವಲ್ಲ. ಪಟ್ಟೀಲಿ ನಿನ್ನೆಸ್ರೇ ಇಲ್ವಂತಲ್ಲ. ನೆಂಟ್ರು ಅಂದ್ರೆ ತೆಪ್ಪೇನು?"

ಚುಚ್ಚುವುದಕ್ಕೆಂದೇ ಸವಿತಮ್ಮ ಈ ಮಾತನ್ನು ನಾಲಗೆಯ ತುದಿಯಲ್ಲಿ ಇಟ್ಟುಕೊಂಡಿರುತ್ತಿದ್ದಳು. ಆದರೆ ಈ ಸಲ ಅದರಲ್ಲಿ ಎಂದಿನ ಖಾರವಿರಲಿಲ್ಲ. ಮೀನಿನ ಹೊಟ್ಟೆ ಸೀಳುತ್ತ ಅವಳು ಹೊಳೆಯ ಕಡೆ ನೋಡಿದಳು.

"ಎಮ್ಮೆಮಡು ನೋಡ್ಕೊಂಡ್ ಬಂದ್ಯಾ?"

"ಇಲ್ಲ. ಕೇಂದ್ರದಲ್ಲಿ ನೋಡ್ತಾನೇ ಇರ್ತೀನಲ್ಲ."

"ಪರದೇಲಿ ನೀರ್ ಬತ್ತಾದಾ? ಹೋಗಿ ನೋಡು. ಸೊಂಟ್ದಷ್ಟಿತ್ತು, ಈಗ ಮೊಣಕಾಲ್ಗೂ ಇಲ್ಲ. ಬಸುರಿ ಮೀನೆಲ್ಲ ಅಲ್ಲೇ ಸಿಕ್ಕಾಕೊಂಡವೆ. ದೊಡ್ಡವ್ವನೂ ಅಲ್ಲೇ ಅವ್ಳೆ."

ದೊಡ್ಡವ್ವ ಎಂದರೆ ಆ ಹೊಳೆಯ ಎಲ್ಲಕ್ಕಿಂತ ಹಿರಿಯ ಬಿಳಿಮೀನು. ಪ್ರತಿ ಬೇಸಿಗೆಯೂ ಹೀಗಾಗುವುದಿತ್ತು. ಮೊಟ್ಟೆ ತುಂಬಿಕೊಂಡ ಮೀನುಗಳು ಹೊಳೆಯ ನೀರು ಇಳಿಯುವಾಗ ಬಂಡೆಗಳ ಮೇಲಿನ ಎಮ್ಮೆಮಡುವಿನಲ್ಲಿ ಸಿಕ್ಕಿಕೊಳ್ಳುತ್ತಿದ್ದವು. ಕೆಳಗಿನ ಆನೆಮಡುವಿನಲ್ಲಿ ಯಾವ ಕಾಲಕ್ಕೂ ಬತ್ತದ ನೀರಿತ್ತು. ನಡುವೆ ಇದ್ದದ್ದು ಕೂಗಳತೆಯ ಕಲ್ಲುದಾರಿ. ಕಾಯ್ದೆ ಬರುವ ಮುನ್ನ ಕೊಪ್ಪಲಿನವರು ಹರಿಗೋಲಿಗೆ ಅರ್ಧ ನೀರು ತುಂಬಿಸಿ, ಅದರಲ್ಲಿ ಬಸುರಿ ಮೀನನ್ನಿಟ್ಟು, ಎಂಟು ಹೆಗಲುಗಳ ಮೇಲೆ ಆನೆಮಡುವಿಗೆ ಸಾಗಿಸುತ್ತಿದ್ದರು. ಅದಕ್ಕೆ ಅವರು ಇಟ್ಟ ಹೆಸರು ತೌರಿಗೆ ಕಳಿಸೋದು. ಮೀನನ್ನು ನೀರಿಗೆ ಬಿಟ್ಟ ಹೆಂಗಸು ಒಂದು ಚಿಟಿಕೆ ಅರಿಶಿನ ಚೆಲ್ಲಿ "ಹುಶಾರಾಗ್ ಹೆತ್ಕೊಂಡ್ ಬಾ" ಎನ್ನುತ್ತಿದ್ದಳು.

ಮುಟ್ಟುವುದಕ್ಕೂ ಒಂದು ರೀತಿಯಿತ್ತು. ಮೀನಿನ ಮೈಮೇಲಿನ ಲೋಳೆಯೇ ಅದರ ಪ್ರಾಣದ ಹೊದಿಕೆ. ಬರಿಗೈ ತಾಗಿದರೆ ಲೋಳೆ ಕಿತ್ತು ಬರುತ್ತದೆ, ಅಲ್ಲಿ ಬೂಷ್ಟು ಹಿಡಿಯುತ್ತದೆ. ಅದಕ್ಕೇ ಹೊಳೆಯಂಚಿನ ಗೋಡುಮಣ್ಣನ್ನು, ಬೆಣ್ಣೆಯಂಥ ಆ ಕರಿ ಮೆಕ್ಕಲನ್ನು, ಮೊಣಕೈವರೆಗೂ ಮೆತ್ತಿಕೊಂಡೇ ಮೀನಿಗೆ ಕೈಯಿಡುತ್ತಿದ್ದರು. ಬೂದಿ ಹಿಡಿಯುವುದಕ್ಕೆ, ಗೋಡು ಬಿಡುವುದಕ್ಕೆ ಎಂದು ಸವಿತಮ್ಮ ಮಗಳಿಗೆ ಹೇಳಿಕೊಟ್ಟಿದ್ದಳು; ಒಂದು ಸಾಯಿಸುವ ಕೈ, ಒಂದು ಸಾಕುವ ಕೈ.

ಕಾಯ್ದೆಗೆ ಈ ಎರಡನೆಯ ಕೈ ಅರ್ಥವಾಗಲಿಲ್ಲ. ಮಣ್ಣು ಮೆತ್ತಿದ ಅಂಗೈಯಲ್ಲಿ ಯಂತ್ರಕ್ಕೆ ನರ ಕಾಣುವುದಿಲ್ಲ. ನರ ಕಾಣದ ಕೈ ಗುರುತು ಮರೆಸಲು ಹೊರಟ ಕೈ, ಅಂದರೆ ಕಳ್ಳಬೇಟೆಯ ಕೈ. ಕೈ ಯಾರದೆಂದು ಗೊತ್ತಾಗದಿದ್ದರೆ ಹತ್ತಿರದ ಕೇರಿ ಇಡಿಯಾಗಿ ಹೊಣೆ. ಹೊಣೆ ಹೊತ್ತ ಕೇರಿಯನ್ನು ದಂಡೆಯಿಂದ ಎಬ್ಬಿಸಿ, ಹೊಳೆಯೇ ಕಾಣದ ಬಯಲಿನ ತಗಡಿನ ಶೆಡ್ಡುಗಳಿಗೆ ಸಾಗಿಸುತ್ತಿದ್ದರು. ಮೇಲಿನ ಎರಡು ಕೊಪ್ಪಲುಗಳು ಹಾಗೇ ಹೋಗಿದ್ದವು.

"ಈ ಸಲ ಇಷ್ಟ್ ಬೇಗ ಯಾಕೆ ಬತ್ತೋಯ್ತು?" ಎಂದಳು ಸಿಂಚನಾ, ಉತ್ತರ ಗೊತ್ತಿದ್ದೂ.

ತಮ್ಮ ಚಿರಂತ ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ಹೊರಗೆ ಬಂದ. "ಕರೆಂಟ್ ಕಂಪ್ನಿ ನೀಲಧಾರಾದೋರು ಮ್ಯಾಲೆ ಕಟ್ಟೆ ಗೇಟ್ ಮುಚ್ಚವ್ರೆ. ಕೇಳುದ್ರೆ ನಮ್ಗೆ ವಿನಾಯ್ತಿ ಅದೆ ಅಂತಾರೆ. ಅಲ್ಲ ಕನಕ್ಕ, ಮೀನ್ ಮುಟ್ಟುದ್ರೆ ನಮ್ನ ಎತ್ತಾಕ್ತಾರೆ. ಹೊಳೇನೇ ಎತ್ಕೊಂಡೋದೋರ್ಗೆ ಏನೂ ಇಲ್ವಾ?"

*

ಇತ್ತು. ಕಾಯ್ದೆಯ ಒಂಬತ್ತನೇ ಕಲಮಿನಲ್ಲಿ ಎಲ್ಲವೂ ಇತ್ತು. ಅಳಿವಿನಂಚಿನ ಮೀನಿನ ಸಂರಕ್ಷಣೆಗೆ ಪೂರಕವಾಗಿ ಕೆಲಸ ಮಾಡುವವರಿಗೆ ನಿಷೇಧಗಳಿಂದ ವಿನಾಯಿತಿ ಎಂದು ಅದು ಹೇಳುತ್ತಿತ್ತು. ಒಳ್ಳೆಯ ಕಲಮು. ಬರೆದವರ ಮನಸ್ಸಿನಲ್ಲಿ ಬಹುಶಃ ಹರಿಗೋಲು ಹೊತ್ತ ಹೆಗಲುಗಳೇ ಇದ್ದಿರಬಹುದು. ಆದರೆ ನೀಲಧಾರಾ ವಿದ್ಯುತ್ ಕಂಪನಿ ಸ್ಟೀಲಿನ ತೊಟ್ಟಿಗಳಲ್ಲಿ ಒಂದಷ್ಟು ಮರಿಮೀನು ಸಾಕಿ, ಫೋಟೋ ತೆಗೆಸಿ, ಸಂರಕ್ಷಣೆಯ ಬಿರುದು ಪಡೆದು ಆ ಕಲಮಿನೊಳಗೆ ಮೊದಲು ನುಗ್ಗಿತು. ಬಿರುದು ಬಂದ ಮೇಲೆ ಅದು ಮಾಡಿದ್ದೆಲ್ಲ ಸಂರಕ್ಷಣೆಯೇ. ಗೇಟು ಮುಚ್ಚಿದರೂ ಸಂರಕ್ಷಣೆ, ಹೊಳೆ ಒಣಗಿದರೂ ಸಂರಕ್ಷಣೆ. ಯಾವುದು ಪೂರಕ, ಯಾವುದು ಅಲ್ಲ ಎಂದು ತೀರ್ಮಾನಿಸುವ ಯಂತ್ರಕ್ಕೆ ಪಾಠವೆಂದು ತೋರಿಸಿದ್ದೂ ಆ ತೊಟ್ಟಿಮನೆಯ ಚಿತ್ರಗಳನ್ನೇ.

ವಿನಾಯಿತಿಯ ಉಸ್ತುವಾರಿ ಡಾ. ಶ್ರೀಶೈಲ ಹಂಚಿನಾಳರದು. ಧಾರವಾಡ ಸೀಮೆಯವರು, ಮೀನಿನ ವಿಜ್ಞಾನ ಓದಿ, ಮೀನಿಗೋಸ್ಕರ ಈ ಕೇಂದ್ರಕ್ಕೆ ಬಂದು, ಈಗ ದಿನಕ್ಕೆ ನಾಲ್ಕು ಸಲ ರಕ್ತದೊತ್ತಡದ ಗುಳಿಗೆ ಹುಡುಕುವ ಮನುಷ್ಯ. ಸಿಂಚನಾ ಅವರ ಮೇಜಿನ ಮುಂದೆ ನಿಂತು ಗೋಡುಮಣ್ಣಿನ ಕಥೆ ಹೇಳಿದಳು. ಅವರು ಅವಳ ಮಾತನ್ನು ಅರ್ಧಕ್ಕೇ ತಡೆದರು.

"ತಂಗಿ, ನನಗ ಗೊತ್ತಿಲ್ಲೇನು? ಆ ಲೋಳಿ ಮ್ಯಾಲ ಪ್ರಬಂಧ ಬರದ ಡಾಕ್ಟರ್ ಆದಾಂವ ನಾ. ನಿಮ್ಮ ಮಂದಿ ಮಾಡೂದು ನೂರಕ್ಕ ನೂರು ಖರೇ ಐತಿ. ಮ್ಯಾಲಿನವ್ರಿಗೂ ಗೊತ್ತೈತಿ. ಬರದ ಕೊಟ್ಟೇನಿ."

"ಮತ್ತೆ?"

"ಮತ್ತೇನು? ತೀರ್ಮಾನ ಮಾಡೂದು ಯಂತ್ರ. ಅದಕ್ಕ ತೋರ್ಸಿದ್ದು ಬಿಳೀ ಕೋಟು, ಬಿಳೀ ಕೈಗವಸ, ಸ್ಟೀಲ್ ತೊಟ್ಟಿ. ಮಣ್ಣಿನ ಕೈ ಕಂಡ್ರ ಅದು ಕಳ್ಳ ಅಂತದ. ಹೊಸಾ ಪಾಠ ಕಲಿಸ್ಬೇಕಂದ್ರ ಸಮಿತಿ ಕೂಡ್ಬೇಕು. ಸಮಿತಿ ಕೂಡೂದು ಮಳಿಗಾಲ ಮುಗದ ಮ್ಯಾಲ."

"ಅಷ್ಟೊತ್ತಿಗೆ ಮೀನೇ ಇರಲ್ಲ ಸರ್."

ಹಂಚಿನಾಳರು ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು. "ಒಂದ ದಾರಿ ಐತಿ. ನಿಮ್ಮ ಮಂದೀಗೆ ಕೈಗವಸ ಹಾಕಸು. ಒಣಾ, ಬಿಳೀ ಕೈಗವಸ. ಮಣ್ಣಿನ ಸುದ್ದಿ ಬ್ಯಾಡ. ಹಂಗಾದ್ರ ವಿನಾಯ್ತಿ ಕೊಡಸ್ತೇನಿ."

"ಒಣ ಕೈಗವಸು ಹಾಕಿದ್ರೆ ಲೋಳೆ..."

"ಗೊತ್ತೈತಿ. ಒಂದಿಷ್ಟು ಸಾಯ್ತಾವ. ಒಂದಿಷ್ಟು ಉಳೀತಾವ. ಹಂಗ ಬಿಟ್ರ ಎಲ್ಲಾ ಸಾಯ್ತಾವ. ನೀನ ಹೇಳು."

ಇಂಥ ಕಡೆ ನಿಲ್ಲಿಸಿ 'ನೀನೇ ಹೇಳು' ಎನ್ನುವುದಿದೆಯಲ್ಲ, ಅದಕ್ಕಿಂತ ದೊಡ್ಡ ಹಿಂಸೆಯನ್ನು ಯಾವ ಸರ್ಕಾರವೂ ಇನ್ನೂ ಕಂಡುಹಿಡಿದಿಲ್ಲ. ಕೊಲ್ಲುವ ಕೈ ಅವರದು, ಆರಿಸುವ ಬಾಯಿ ನಮ್ಮದು. ಕೈಗವಸು ಎಂದಳು ಸಿಂಚನಾ.

*

ವಿನಾಯಿತಿಯ ದಿನ ಕೇಂದ್ರದವರೊಬ್ಬರು ಸ್ಥಳದಲ್ಲಿರಬೇಕಿತ್ತು. ಅವಳ ಕುರ್ಚಿಯಲ್ಲಿ ಹಂಚಿನಾಳರು ಕೂತರು. ಕೈಯಲ್ಲಿ ಸಣ್ಣ ಪರದೆ ಹಿಡಿದು ಅವಳು ಎಮ್ಮೆಮಡುವಿನ ದಂಡೆಗೆ ಬಂದಳು. ಕೊಪ್ಪಲಿಗೆ ಕೊಪ್ಪಲೇ ಸೇರಿತ್ತು. ಹರಿಗೋಲಿಗೆ ಹೊಸದಾಗಿ ಟಾರು ಬಳಿದಿದ್ದರು. ಎಷ್ಟೋ ಬೇಸಿಗೆಗಳ ಮೇಲೆ ಮತ್ತೆ ತೌರಿಗೆ ಕಳಿಸುವ ದಿನ. ಹೆಂಗಸರು ಹಬ್ಬದ ಸೀರೆ ಉಟ್ಟಿದ್ದರು. ಹೊಳೆಗೆ ಇಳಿಯುವಂತಿಲ್ಲದ ಗೌರಕ್ಕ ದೂರದ ಬಂಡೆಯೊಂದರ ಮೇಲೆ ಅರಿಶಿನದ ಬಟ್ಟಲು ಹಿಡಿದು ಕೂತಿದ್ದಳು.

ಸವಿತಮ್ಮ ಬಿಳಿ ಕೈಗವಸನ್ನು ಬೆರಳಿಗೆ ತೂರಿಸಿಕೊಳ್ಳಲು ಒದ್ದಾಡಿದಳು. ಹಿಂದೊಮ್ಮೆ ಹರಿಗೋಲಿನ ಹಗ್ಗಕ್ಕೆ ಸಿಕ್ಕಿ ಮುರಿದ ಅವಳ ಕಿರುಬೆರಳು ಕೊಕ್ಕೆಯಂತೆ ಬಾಗಿತ್ತು. ಗವಸು ಅಲ್ಲಿ ಸಿಕ್ಕಿಕೊಳ್ಳುತ್ತಿತ್ತು.

"ಇದೇನವ್ವ, ಹೆರಿಗೆ ಮಾಡ್ಸಕ್ಕೋ ಕಣ್ಣಾಪ್ರೇಸನ್ಗೋ?" ಎಂದಳು. ಜನ ನಕ್ಕರು. ನಗುತ್ತಲೇ ನೀರಿಗಿಳಿದ ಅವಳು, ಅಭ್ಯಾಸಬಲದಿಂದ, ಗವಸಿನ ಕೈಯನ್ನೇ ಅಂಚಿನ ಗೋಡುಮಣ್ಣಿಗೆ ಅದ್ದಿದಳು.

ಸಿಂಚನಾ ಕಿರುಚಿದಳು. "ಅವ್ವಾ ಬ್ಯಾಡ! ಪರದೆ ಕೆಂಪಾಯ್ತದೆ! ತೊಳ್ಕೊ! ಎಲ್ರೂ ತೊಳ್ಕೊಳಿ, ಮಣ್ಣು ಮುಟ್ಬೇಡಿ!"

ನಗು ನಿಂತಿತು. ಸವಿತಮ್ಮ ಮಗಳ ಮುಖವನ್ನೊಮ್ಮೆ ನೋಡಿದಳು. ಗವಸು ಬಿಚ್ಚಿ, ಕೈ ತೊಳೆದು, ಸೀರೆಗೆ ಒರೆಸಿಕೊಂಡು, ಇನ್ನೊಂದು ಒಣ ಜೊತೆ ಕೇಳಿ ಹಾಕಿಕೊಂಡಳು.

ಪರದೆಯ ಸುತ್ತ ಹಸಿರು ಗೆರೆ ಮೂಡಿತು. ನೀರಿನಡಿಯ ಕಣ್ಣು ತೋರಿಸಿದ್ದನ್ನು ದಂಡೆಯ ಮೇಲೆ ನಿಂತವರಲ್ಲಿ ಸಿಂಚನಾ ಒಬ್ಬಳೇ ನೋಡಿದಳು. ಬಿಳಿ ಗವಸುಗಳು ಮೀನಿನ ಮೈ ಅಪ್ಪುತ್ತಿದ್ದವು. ಎತ್ತಿದಾಗ ಹಾಲಿನ ಕೆನೆಯಂಥ ಪೊರೆ ಗವಸಿಗೆ ಅಂಟಿ ಎಳೆಎಳೆಯಾಗಿ ಬರುತ್ತಿತ್ತು. ಒಂದೊಂದು ಮೀನು ಹರಿಗೋಲಿಗೆ ಹೋದಾಗಲೂ ನೀರಿನಲ್ಲಿ ಬಿಳಿ ಮೋಡವೊಂದು ಉಳಿಯುತ್ತಿತ್ತು. ಪರದೆಯ ಕೆಳಗೆ ಹಸಿರು ಅಕ್ಷರ: ಸಂರಕ್ಷಣೆಗೆ ಪೂರಕ.

ದೊಡ್ಡವ್ವನನ್ನು ಮಾತ್ರ ಅವರಿಂದ ಹಿಡಿಯಲಾಗಲಿಲ್ಲ. ಆಳೆತ್ತರದ ಮೀನು, ಕಿತ್ತಳೆ ರೆಕ್ಕೆಗಳು, ಬೆನ್ನಿನ ಮೇಲೆ ಗೂಳಿಯ ಹಿಣಿಲಿನಂಥ ಡುಬ್ಬ. ಒಣ ಕೈ ತಾಗಿದ್ದೇ ತಡ, ಬಾಲ ಬೀಸಿ ಚಿರಂತನನ್ನು ಬಂಡೆಗೆ ಒಗೆದು ಮಡುವಿನ ಆ ಬದಿಗೆ ಹೋಗಿ ನಿಂತುಬಿಟ್ಟಿತು. ಸಂಜೆಗೆ ವಿನಾಯಿತಿಯ ಅವಧಿ ಮುಗಿಯಿತು.

"ಅವ್ಳ್ ಬುದ್ವಂತೆ," ಎಂದಳು ಸವಿತಮ್ಮ, ಗವಸುಗಳನ್ನು ಮಗಳ ಕೈಗೆ ಹಿಂದಿರುಗಿಸುತ್ತ.

*

ಆನೆಮಡುವಿನ ಬೀಜಗಳು ಒಂದೊಂದಾಗಿ ತಣ್ಣಗಾದವು.

ಸಿಂಚನಾ ಕುರ್ಚಿಯಲ್ಲಿ ಕೂತು ನೋಡುತ್ತಿದ್ದಳು. ಪರದೆಯ ಮೇಲೆ ಮಿಣುಕುತ್ತಿದ್ದ ಚುಕ್ಕಿ ಮಂಕಾಗುವುದು, ನಿಲ್ಲುವುದು, ಅಳಿಸಿಹೋಗುವುದು. ಆನೆಮಡುವಿನ ಕಣ್ಣು ತಿರುಗಿಸಿದರೆ ಮೀನುಗಳ ಮೈಯಲ್ಲಿ ಕೈಯಾಕಾರದ ಬಿಳಿ ಬೂಷ್ಟು ಕಾಣುತ್ತಿತ್ತು. ಐದು ಬೆರಳು ಎಲ್ಲೆಲ್ಲಿ ಊರಿದ್ದವೋ ಅಲ್ಲಲ್ಲಿ ಹತ್ತಿಯಂತೆ ಅರಳಿತ್ತು. ಒಂದು ಹೆಣ್ಣು ಮೀನಿನ ಹೊಟ್ಟೆಯ ಮೇಲೆ ಬೂಷ್ಟಿನ ಕೈ ಸ್ಪಷ್ಟವಾಗಿತ್ತು. ಅದರ ಕಿರುಬೆರಳು ಕೊಕ್ಕೆಯಂತೆ ಬಾಗಿತ್ತು. ಸಿಂಚನಾ ಕುರ್ಚಿ ಬಿಟ್ಟೆದ್ದು ಹಂಚಿನಾಳರನ್ನು ಕರೆದುಕೊಂಡು ಬಂದಳು.

ಅಷ್ಟರಲ್ಲಿ ಯಂತ್ರ ವರದಿ ಮುಗಿಸಿತ್ತು: ಸಾವು ಸಹಜ. ಸಾಗಣೆ ಯಶಸ್ವಿ. ವಿನಾಯಿತಿಯ ಬಳಕೆ ಮಾದರಿ. ನೀಲಧಾರಾ ಆ ಮಾದರಿಯ ಚಿತ್ರಗಳನ್ನು ತನ್ನ ಗೋಡೆಗೆ ಕೇಳಿ ಪಡೆದಿತ್ತು.

"ಯಾವ್ದೂ ಉಳೀಲಿಲ್ಲ ಸರ್," ಎಂದಳು.

ಹಂಚಿನಾಳರು ಕಿಟಕಿಯ ಕಡೆ ಮುಖ ಮಾಡಿದ್ದರು. "ಕಾಗದದಾಗ ನಾವು ಗೆದ್ದೀವಿ ತಂಗಿ."

"ಕಾಗದ ಮೊಟ್ಟೆ ಇಡತ್ತಾ?"

ಅವರು ಗುಳಿಗೆಯ ಡಬ್ಬಿಯನ್ನು ಸುಮ್ಮನೆ ತೆರೆದರು, ಮುಚ್ಚಿದರು.

ಇಡೀ ಬಂಡೆಗಾಡಿನಲ್ಲಿ ಇನ್ನು ಮೊಟ್ಟೆ ಹೊತ್ತ ಬಿಳಿಮೀನು ಒಂದೇ. ಎಮ್ಮೆಮಡುವಿನ ಮೂಲೆಯಲ್ಲಿ, ಡುಬ್ಬವನ್ನು ಬಿಸಿಲಿಗೆ ಒಡ್ಡಿಕೊಂಡು, ಕಿವಿರು ಮುಳುಗುವಷ್ಟೇ ನೀರಿನಲ್ಲಿ ಒರಗಿದ್ದ ದೊಡ್ಡವ್ವ.

*

ಸುದ್ದಿಯನ್ನು ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಸಿಂಚನಾ ಮಧ್ಯಾಹ್ನದ ಬಿಸಿಲಲ್ಲೇ ಕೊಪ್ಪಲಿಗೆ ನಡೆದಳು. ಅಡುಗೆಮನೆಯಲ್ಲಿ ಮುದ್ದೆ ತಿರುವುತ್ತಿದ್ದ ಸವಿತಮ್ಮ ಮಗಳ ಮುಖ ನೋಡಿಯೇ ಕೋಲು ಬಿಟ್ಟಳು.

"ಎಲ್ಲಾನೂ?"

"ಎಲ್ಲಾನೂ ಅವ್ವ."

ಮುದ್ದೆ ತಳ ಹಿಡಿಯುವ ವಾಸನೆ ಬಂತು. ಯಾರೂ ಇಳಿಸಲಿಲ್ಲ. ಸವಿತಮ್ಮ ತನ್ನ ಎರಡೂ ಅಂಗೈಗಳನ್ನು ಮೇಲೆ ಮಾಡಿ ತೊಡೆಯ ಮೇಲಿಟ್ಟುಕೊಂಡು, ಅವು ಬೇರೆ ಯಾರದೋ ಎಂಬಂತೆ ನೋಡುತ್ತ ಕೂತಳು.

"ನನ್ ಕೈಲಿ ಕೊಲ್ಲುಸ್ಬುಟ್ಯಲ್ಲೆ ಸಿಂಚ," ಎಂದಳು. ಬೈಗುಳದ ದನಿಯಿರಲಿಲ್ಲ. ಅದೇ ಹೆಚ್ಚು ಉರಿಯಿತು. "ನಮ್ಮತ್ತೆ, ಅವ್ರತ್ತೆ, ಎಲ್ಲಾ ಇದೇ ಕೈಲಿ ಕಳ್ಸಿಕೊಟ್ಟಿದ್ರು. ಒಂದೂ ಸತ್ತಿರ್ನಿಲ್ಲ."

"ನಂಗೊತ್ತಿತ್ತವ್ವ."

"ಗೊತ್ತಿತ್ತು ಅಂತ್ಲೇ ಯೋಳ್ತಿವ್ನಿ."

ಸವಿತಮ್ಮ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನಾಳೆ ದೊಡ್ಡವ್ವನ್ನ ಕಳುಸ್ತೀನಿ. ಗೋಡ್ ಬಳ್ಕೊಂಡೇ ಕಳುಸ್ತೀನಿ. ಯಾವ್ ಕಣ್ಣು ನೋಡ್ಕೊಳ್ಳುತ್ತೋ ನೋಡ್ಕೊಳ್ಲಿ."

ಬಾಗಿಲಲ್ಲಿ ನಿಂತಿದ್ದ ಚಿರಂತ ಒಳಗೆ ನುಗ್ಗಿದ. "ತಲೆ ಕೆಟ್ಟದಾ ನಿಂಗೆ? ಯಾರ್ ಕೈ ಅಂತ ಗೊತ್ತಾಗ್ದಿದ್ರೆ ಇಡೀ ಕೊಪ್ಪಲ್ನೇ ಎತ್ತಾಕ್ತಾರೆ. ನನ್ ಕೂಸ್ಗೆ ಇನ್ನೂ ಎಸ್ರು ಕಟ್ಟಿಲ್ಲ ಕನವ್ವ. ಅದ್ನ ತಗಡಿನ್ ಶೆಡ್ನಲ್ಲಿ ಬೇಯಾಕ್ಲಾ? ಒಂದು ಮೀನ್ಗೋಸ್ಕರ?"

"ಒಂದು ಮೀನಲ್ಲ ಕನ್ಲಾ. ಕೊನೇದು."

"ಕೊನೇದಾದ್ರೆ ನಾವೇನ್ ಮಾಡ್ಬೇಕು? ಸಾಯ್ಲಿ ಬುಡು! ಸತ್ತೋದ್ರೆ ಕಾಯ್ದೇನೂ ಸತ್ತೋಯ್ತದೆ, ನಾವಾರೂ ಹೊಳೇಲಿ ಬಲೆ ಬಿಟ್ಕೊಂಡ್ ಬದುಕ್ತೀವಿ!"

ಹೇಳಿದ ಮೇಲೆ ಅವನೇ ಬೆಚ್ಚಿದ. ಕೂಸು ಎದ್ದು ಅಳತೊಡಗಿತು. ಬಸವಳಿದ ಮನುಷ್ಯನ ಬಾಯಿಂದ ಇಂಥ ಮಾತನ್ನು ಹೊರಡಿಸುವುದಕ್ಕೇ ಅಲ್ಲವೇ ಇಷ್ಟೆಲ್ಲ ಕಣ್ಣು, ಬೀಜ, ಕಲಮುಗಳನ್ನು ಕಟ್ಟಿದ್ದು?

"ಅವ್ನ್ ಯೋಳದ್ರಲ್ಲೂ ಅರ್ಥ ಅದೆ ಅವ್ವ," ಎಂದಳು ಸಿಂಚನಾ ಮೆಲ್ಲಗೆ. "ನಾಳೆ ಆ ಕುರ್ಚೀಲಿ ಕೂತಿರೋದು ನಾನು. ಉತ್ತರ ಕೊಡ್ಬೇಕಾದೋಳು ನಾನು. ಗೋಡಿನ್ ಕೈಗೆ ಗೌರಕ್ಕನ್ ಶಿಕ್ಷೆಯಲ್ಲ, ಕಳ್ಳಬೇಟೆ ಶಿಕ್ಷೆ. ಕೈ ಯಾರ್ದು ಅಂತ ಯೋಳಿದ್ರೆ ನೀನ್ ಜೈಲಿಗೆ ಹೋಗ್ತೀಯ, ನಿನ್ ಜೊತೆ ಈ ಮನೇನೂ ಹೋಗ್ತದೆ. ಗೊತ್ತಿಲ್ಲ ಅಂದ್ರೆ ಊರೇ ಹೋಗ್ತದೆ."

ಸವಿತಮ್ಮ ಸೀದ ಮುದ್ದೆಯ ಪಾತ್ರೆಯನ್ನು ಒಲೆಯಿಂದ ಇಳಿಸಿದಳು.

"ನಿಂಗ್ಯಾಕ್ ಬುಡವ್ವ ಊರಿನ್ ಚಿಂತೆ," ಎಂದಳು. "ನೀನು ಈ ಕೊಪ್ಪಲೋಳಲ್ವಲ್ಲ."

*

ಮಾರನೆಯ ದಿನ ಬಿಸಿಲು ನೆತ್ತಿಗೇರಿದಾಗ ಯಂತ್ರ ಕೂಗಿತು.

ಸಿಂಚನಾಳ ಪರದೆಯ ತುಂಬ ಎಮ್ಮೆಮಡುವಿನ ಮೂಲೆ. ಬೂದು ನೀರು, ಅದರಲ್ಲಿ ದೊಡ್ಡವ್ವನ ಏದುಸಿರು ಬಿಡುವ ಕಿವಿರು. ಮೇಲಿನಿಂದ ಎರಡು ಕೈ ಇಳಿದವು. ಮೊಣಕೈವರೆಗೂ ಕಪ್ಪು ಗೋಡುಮಣ್ಣು. ಅವು ಹಿಡಿಯಲು ಅವಸರಪಡಲಿಲ್ಲ. ಮೀನಿನ ಹೊಟ್ಟೆಯಡಿ ಹೋಗಿ, ಅದರ ಭಾರ ತಾನಾಗಿ ಬೀಳುವವರೆಗೂ ಕಾದವು. ದೊಡ್ಡವ್ವ ಬಾಲ ಬೀಸಲಿಲ್ಲ. ಕೆಂಪು ಚೌಕಟ್ಟು ಪರದೆಯನ್ನು ಬಿಗಿಯಿತು.

ಗುರುತು ಮರೆಸುವ ಯತ್ನ. ನರ ಕಾಣುತ್ತಿಲ್ಲ. ಕೈ ಯಾರದು?

ಎಡಗೈಯ ಕಿರುಬೆರಳು ಕೊಕ್ಕೆಯಂತೆ ಬಾಗಿತ್ತು. ಈ ಕೈ ಅವಳಿಗೆ ತುತ್ತು ತಿನ್ನಿಸಿತ್ತು, ಜಡೆ ಹೆಣೆದಿತ್ತು, ಕೆನ್ನೆಗೆ ಬಾರಿಸಿತ್ತು. ಯಂತ್ರಕ್ಕೆ ನರ ಬೇಕು, ಅವಳಿಗೆ ಬೇಕಿರಲಿಲ್ಲ. ಉತ್ತರ ಕೊಡದಿದ್ದರೆ ತಾನೇ ತೀರ್ಮಾನಿಸುವುದಾಗಿ ಯಂತ್ರ ಎಚ್ಚರಿಸಿತು.

ನೀನು ಈ ಕೊಪ್ಪಲೋಳಲ್ವಲ್ಲ. ಅವ್ವನ ಮಾತು ಅವಳ ತಲೆಯಲ್ಲಿ ಮುಳ್ಳಿನಂತೆ ಮುರಿದುಕೊಂಡು ಕೂತಿತ್ತು. ಅಲ್ಲ ನಿಜ. ಪಟ್ಟಿಯಲ್ಲಿಲ್ಲ. ದಂಡೆಯ ನಿವಾಸಿಯಲ್ಲ. ಅವಳು ತಪ್ಪು ಮಾಡಿದರೆ ಹೊಣೆ ಹೊರಲು ಅವಳಿಗೊಂದು ಊರೇ ಇಲ್ಲ. ಎಬ್ಬಿಸಿ ಸಾಗಿಸಲು ಮನೆಯಿಲ್ಲ. ಒಬ್ಬಳನ್ನು ಜೈಲಿಗೆ ಹಾಕಬಹುದು, ಅಷ್ಟೇ. ಮತ್ತು ಈ ಕುರ್ಚಿಯ ಉತ್ತರವೇ ಕೊನೆಯದು. ಅದರ ಮೇಲೆ ಯಾವ ಕೋರ್ಟೂ ಇಲ್ಲ.

ಅವಳು ಬೆರಳು ಚಾಚಿ ತನ್ನ ಹೆಸರು ಒತ್ತಿದಳು.

ಯಂತ್ರ ಒಪ್ಪಿಕೊಂಡಿತು. ಆ ಹೊತ್ತಿಗೆ ಇನ್ನೊಂದು ಜೊತೆ ಕೈ ನೀರಿಗಿಳಿದಿತ್ತು. ಅಗಲವಾದ, ಹೆಬ್ಬೆರಳ ಉಗುರು ಒಡೆದ ಗಂಡಸಿನ ಕೈ. ಬಂಡೆಗೆ ಬಿದ್ದ ದಿನ ಒಡೆದ ಉಗುರು. ಸಾಯ್ಲಿ ಬುಡು ಎಂದವನ ಕೈ ದೊಡ್ಡವ್ವನ ಬಾಲದ ಬುಡವನ್ನು ಕೂಸಿನ ತಲೆಯಂತೆ ಹಿಡಿದಿತ್ತು.

ಕೈ ಯಾರದು?

ನನ್ನದು.

ಮತ್ತೊಂದು ಜೊತೆ. ಒಣಕಲು, ಸುಕ್ಕುಗಟ್ಟಿದ, ನಡುಗುವ ಕೈ. ಹೊಳೆಗೆ ಇಳಿಯುವಂತಿಲ್ಲದ ಕೈ. ಅವಳೇ ಹೌದು ಒತ್ತಿ ದಂಡೆಯಿಂದ ಓಡಿಸಿದ್ದ ಗೌರಕ್ಕನ ಕೈ.

ಕೈ ಯಾರದು?

ನನ್ನದು.

ಈಗ ಪರದೆ ತುಂಬ ಕೈಗಳು. ಒಂದರ ಪಕ್ಕ ಒಂದು, ಕಪ್ಪಗೆ, ನುಣ್ಣಗೆ, ದೊಡ್ಡವ್ವನ ಸುತ್ತ ತೊಟ್ಟಿಲು ಹೆಣೆಯುತ್ತಿದ್ದವು. ಹರಿಗೋಲಿನ ಅಂಚು ನೀರಿಗೆ ಬಾಗಿತು. ಯಂತ್ರ ಕೇಳುತ್ತಲೇ ಇತ್ತು, ಅವಳು ಒತ್ತುತ್ತಲೇ ಇದ್ದಳು. ಒಬ್ಬಳಿಗೆ ಎಷ್ಟು ಕೈ ಇರಬಹುದು ಎಂದು ಅದಕ್ಕೆ ಯಾರೂ ಪಾಠ ಹೇಳಿಕೊಟ್ಟಿರಲಿಲ್ಲ.

ಕೂಗು ಕೇಳಿ ಓಡಿಬಂದ ಹಂಚಿನಾಳರು ಅವಳ ಬೆನ್ನ ಹಿಂದೆ ನಿಂತು ಪರದೆ ಓದಿದರು. ಉದ್ದಕ್ಕೂ ಒಂದೇ ಹೆಸರು.

"ತಂಗಿ," ಎಂದರು. "ನಿನಗ ಎಷ್ಟು ಕೈ ಅದಾವವಾ?"

"ಗೊತ್ತಿಲ್ಲ ಸರ್. ಇನ್ನೂ ಬರ್ತಾನೇ ಇವೆ."

ಅವರು ಅವಳನ್ನು ತಡೆಯಲಿಲ್ಲ. ಬಾಗಿಲ ಬಳಿ ಹೋಗಿ ಅಗುಳಿ ಹಾಕಿ, ಅದಕ್ಕೆ ಬೆನ್ನು ಕೊಟ್ಟು, ಗೋಡೆ ನೋಡುತ್ತ ನಿಂತರು. ಅವರಿಂದ ಆದದ್ದು ಅಷ್ಟು.

ಚುಕ್ಕಿ ಹೊರಟಿತು. ನೀರಿನಿಂದ ಮೇಲೆದ್ದು ಹೆಗಲುಗಳ ಮೇಲೆ ತೂಗುತ್ತ, ಬಂಡೆಗಳ ದಾರಿಯಲ್ಲಿ ಮೆಲ್ಲಗೆ, ಒಮ್ಮೆ ನಿಂತು, ಮತ್ತೆ ಹೊರಟು, ಆನೆಮಡುವಿನ ಕಡೆ ಇಳಿಯಿತು. ಹೊರಗೆ ಬಾಗಿಲು ಬಡಿಯುತ್ತಿದ್ದರು. ಚುಕ್ಕಿ ಆನೆಮಡುವಿನ ಅಂಚು ದಾಟಿ ಆಳಕ್ಕೆ ಜಾರಿತು. ಅಲ್ಲಿನ ಗಾಜಿನ ಕಣ್ಣಿಗೆ ಮೊದಲು ಕಂಡದ್ದು ಮೀನಲ್ಲ, ನೀರಿನಲ್ಲಿ ಹರಡಿಕೊಳ್ಳುತ್ತಿದ್ದ ಹಳದಿ. ಆ ಹಳದಿಯೊಳಗಿಂದ ದೊಡ್ಡವ್ವ ಬಂದಳು. ಮೈಮೇಲಿನ ಗೋಡು ತೊಳೆದುಹೋಗುತ್ತಿತ್ತು; ಅದರಡಿಯಲ್ಲಿ ಲೋಳೆ ಹಾಗೇ ಮಿನುಗುತ್ತಿತ್ತು.

ಬದುಕುತ್ತದೆಯೇ? ಮಳೆ ಬರಬೇಕು. ಮೊಟ್ಟೆ ಇಡಬೇಕು. ನೀಲಧಾರಾ ಗೇಟು ತೆಗೆಯಬೇಕು. ಇಲ್ಲವೇ ಜನ ಹೋಗಿ ತೆಗೆಸಬೇಕು. ಯಾರಿಗೂ ಏನೂ ಗೊತ್ತಿಲ್ಲ.

ಬಾಗಿ ಬಂದ ಬಾಗಿಲನ್ನು ಹಂಚಿನಾಳರು ಬಿಟ್ಟುಕೊಟ್ಟರು. ಒಳಬಂದ ಪೇದೆಗಳಲ್ಲಿ ಒಬ್ಬಳು ಹೆಂಗಸು. ಅವಳ ಕೈಯಲ್ಲಿ ಬೇಡಿ, ಮುಖದಲ್ಲಿ ಗೊಂದಲ. ಹೊಳೆಯಲ್ಲಿ ಮೀನು ಮುಟ್ಟಿದವಳನ್ನು ಕುರ್ಚಿಯಿಂದ ಎಬ್ಬಿಸಿಕೊಂಡು ಹೋಗಲು ಅವಳನ್ನು ಕಳಿಸಿದ್ದರು.

"ಕೈ ತೋರ್ಸಮ್ಮ."

ಸಿಂಚನಾ ಎರಡೂ ಕೈ ಚಾಚಿದಳು. ಬೆಳ್ಳಗೆ, ಒಣಗಿದ್ದ ಕೈಗಳು. ಪೇದೆ ಅವನ್ನು ಮಗುಚಿ ನೋಡಿದಳು, ಉಗುರಿನ ಸಂದಿ ನೋಡಿದಳು.

"ಮಣ್ಣೇ ಇಲ್ವಲ್ರೀ?"

"ಇತ್ತು," ಎಂದಳು ಸಿಂಚನಾ. "ಒಂದ್ಸಲ ತೊಳ್ಕೊಂಡ್ಬಿಟ್ಟಿದ್ದೆ."